ಮೂರನೆಯ ಫೇಸ್

ಮೂರು ಫೇಸಿನ ಕರೆಂಟು ಇರುವ ಮನೆಯವರಿಗೆ ಒಂದು ಅಭ್ಯಾಸ ಇರುತ್ತದೆ. ಗಾಳಿಗೆ ಎಲ್ಲೋ ತೆಂಗಿನ ಗರಿ ತಂತಿಯ ಮೇಲೆ ಬಿದ್ದು ಒಂದು ಫೇಸ್ ಹೋಯಿತು ಎನ್ನಿ. ಮನೆ ಕತ್ತಲಾಗುತ್ತದೆ. ಆಗ ಯಾರೂ ಲೈನ್‌ಮ್ಯಾನನಿಗೆ ಫೋನು ಮಾಡುತ್ತ ಕೂರುವುದಿಲ್ಲ. ಮೀಟರಿನ ಪಕ್ಕದಲ್ಲಿ ತಿರುಗಿಸುವ ಒಂದು ಸ್ವಿಚ್ಚು ಇರುತ್ತದೆ, ಅದನ್ನು ಟಕ್ಕೆಂದು ಒಂದು ಗುರುತು ಮುಂದಕ್ಕೆ ತಿರುಗಿಸಿದರೆ ಇಡೀ ಮನೆ ಬೇರೆ ಫೇಸಿಗೆ ಹೋಗಿ ಲೈಟು ಹತ್ತುತ್ತದೆ. ಹಾಲು ಉಕ್ಕಿದಾಗ ಒಲೆ ಸಣ್ಣ ಮಾಡುವುದಕ್ಕೆ ಎಷ್ಟು ಯೋಚನೆ ಬೇಕೋ ಇದಕ್ಕೂ ಅಷ್ಟೇ ಬೇಕು. ಶಿರ್ತಾಡಿಯ ಯಶೋಧಮ್ಮ ಆ ಸ್ವಿಚ್ಚು ಗೋಡೆಗೆ ಬಂದ ದಿನದಿಂದ ಅದನ್ನು ತಿರುಗಿಸುತ್ತ ಬಂದವರು. ಒಂದು ಸಂಜೆ ಹಾಗೆ ತಿರುಗಿಸಿದ್ದರಿಂದ ಒಬ್ಬ ಮನುಷ್ಯನ ಬಲಗೈ ಹೋಯಿತು ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂದು ಅವರ ಮಗ ರಿಷಭ ಹಲ್ಲು ಕಚ್ಚಿ ಕುಳಿತಿದ್ದ.

ರಿಷಭನದು ಮನೆಯ ಹಿಂದಿನ ಶೆಡ್ಡಿನಲ್ಲಿ ಮೋಟಾರ್ ರಿವೈಂಡಿಂಗ್ ಕೆಲಸ. ಸುಟ್ಟ ಪಂಪಿನ ಹೊಟ್ಟೆ ಬಗೆದು, ಹಳೆಯ ತಂತಿ ಕಿತ್ತು, ಹೊಸದನ್ನು ಸುತ್ತಿ ಕೊಡುವುದು. ಮೂವತ್ತಾರರ ಪ್ರಾಯ, ಮದುವೆಯ ಮಾತು ಬಂದರೆ ಇವತ್ತು ಕೆಲಸ ಜಾಸ್ತಿ ಎನ್ನುವ ಜಾತಿ. ಹೀಗೆ ದಿನವಿಡೀ ತಂತಿ ಸುತ್ತುವವನ ಮೊಬೈಲಿಗೆ ಟೆಸ್ಲಾ ಕಾಯಿಲಿನ ವಿಡಿಯೊ ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು. ಉದ್ದದ ಪೈಪಿಗೆ ಕೂದಲಿನಷ್ಟು ಸಪೂರದ ತಾಮ್ರದ ತಂತಿ ಸುತ್ತಿ, ತುದಿಗೊಂದು ಲೋಹದ ಗುಂಡು ಕೂರಿಸಿ, ಬುಡದಲ್ಲಿ ಸರಿಯಾಗಿ ಕರೆಂಟು ಕೊಟ್ಟರೆ ಗುಂಡಿನಿಂದ ಮಿಂಚು ಹೊರಡುತ್ತದೆ. ಮಿಂಚಿನಂಥದ್ದಲ್ಲ, ಮಿಂಚೇ. ನೇರಳೆ ಬಣ್ಣದ್ದು, ಕವಲೊಡೆದು ಗಾಳಿಯಲ್ಲಿ ತಡಕಾಡುವಂಥದ್ದು. ಅದನ್ನು ನೋಡಿದ ಮೇಲೆ ಅವನಿಗೆ ಪಂಪುಗಳ ಮೇಲಿನ ಮನಸ್ಸೇ ಹೋಯಿತು.

ಹುಚ್ಚಿಗೆ ಜೊತೆಗಾರ ಸಿಕ್ಕಿದರೆ ಅದಕ್ಕೆ ಕೆಲಸ ಎಂಬ ಹೆಸರು ಬರುತ್ತದೆ. ರಿಷಭನಿಗೆ ಸಿಕ್ಕಿದವರು ಹಸನಬ್ಬ. ಬಂಟ್ವಾಳದ ಗೂಡಿನಬಳಿಯವರು, ಗುಜರಿ ವ್ಯಾಪಾರ. ಸುಟ್ಟ ಮೋಟಾರುಗಳ ತಾಮ್ರ ಕೊಳ್ಳಲು ತಮ್ಮ ಗೂಡ್ಸ್ ಆಟೋದಲ್ಲಿ ಮೂಡುಬಿದಿರೆ ಕಡೆಗೆ ಬರುತ್ತಿದ್ದರು. ಐವತ್ತೈದು ದಾಟಿದ ಮನುಷ್ಯ, ಆದರೆ ಹಾಳಾದ ಯಾವುದೇ ಯಂತ್ರ ಕಂಡರೂ ಅದರ ಹೊಟ್ಟೆಯಲ್ಲಿ ಏನಿದೆ ಎಂದು ನೋಡದೆ ಬಿಡುವವರಲ್ಲ. ಊರವರ ಬಾಯಲ್ಲಿ ಅವರು ಹಸನಾಕ. ಕೆಟ್ಟುಹೋದ ಮೈಕ್ರೊವೇವ್ ಒಲೆಯೊಂದನ್ನು ಬಿಚ್ಚಿ, ಒಳಗಿನ ಟ್ರಾನ್ಸ್‌ಫಾರ್ಮರನ್ನು ಜೋಪಾನವಾಗಿ ತೆಗೆದು ತಂದುಕೊಟ್ಟವರು ಅವರೇ. ಮನೆಯ ಕರೆಂಟನ್ನು ಎರಡು ಸಾವಿರ ವೋಲ್ಟಿಗೆ ಏರಿಸುವ, ಎರಡು ಕೈಯಲ್ಲಿ ಎತ್ತಬೇಕಾದ ಕಬ್ಬಿಣದ ಗಟ್ಟಿ. ಗುಂಡಿಗೆ ಬೇಕಾದದ್ದೂ ಅವರ ಗುಜರಿಯಲ್ಲೇ ಸಿಕ್ಕಿತು: ಎರಡು ಅಲ್ಯೂಮಿನಿಯಂ ಬಾಣಲೆಗಳನ್ನು ಎದುರುಬದುರು ಮಾಡಿ ಬೆಸೆದದ್ದು. ಇಬ್ಬರೂ ಅದರ ಮುಂದೆ ಚಾ ಕುಡಿಯುತ್ತ ಕೂರುವುದನ್ನು ನೋಡಿದರೆ ಮೊಮ್ಮಗುವಿನ ತೊಟ್ಟಿಲು ನೋಡುತ್ತಿದ್ದಾರೆ ಎನಿಸುತ್ತಿತ್ತು.

ಬೆಳ್ತಂಗಡಿಯ ಲೋಕಯ್ಯ ಎಂಬವರ ತುಳು ನಾಟಕದ ತಂಡಕ್ಕೆ ಇವರ ಸುದ್ದಿ ಮುಟ್ಟಿತು. ಅವರ ಹೊಸ ನಾಟಕದ ಕೊನೆಯಲ್ಲಿ ದೇವಿ ಪ್ರತ್ಯಕ್ಷಳಾಗುವ ದೃಶ್ಯ. ತಗಡು ಅಲ್ಲಾಡಿಸಿ ಗುಡುಗು ಬರಿಸುತ್ತಿದ್ದರು, ಮಿಂಚಿಗೆ ಮಾತ್ರ ಲೈಟು ಹಾಕಿ ತೆಗೆದು ಮಾಡುತ್ತಿದ್ದರು. ನಿಜವಾದ ಮಿಂಚು ಕೊಟ್ಟರೆ ಪೊಳಲಿಯಲ್ಲಿ ನಡೆಯುವ ಮೊದಲ ಪ್ರದರ್ಶನಕ್ಕೇ ಇಡುವ ಎಂದು ಲೋಕಯ್ಯ ಹೇಳಿಹೋದರು. ಇಬ್ಬರಿಗೂ ನಿದ್ದೆ ಹಾರಿಹೋಯಿತು. ಏಕೆಂದರೆ ಅವರ ಮಿಂಚು ಆಗ ಗೇಣುದ್ದದ್ದು. ಹತ್ತಿರ ಹೋಗಿ ಬಗ್ಗಿ ನೋಡಿದರೆ ಚೆಂದ, ನಾಟಕದ ಹಿಂದಿನ ಸಾಲಿನವನಿಗೆ ಅದು ಬೀಡಿ ಹಚ್ಚಿದ ಹಾಗೆ ಕಾಣಬಹುದಷ್ಟೆ.

ದೋಷ ಕಾಯಿಲಿನಲ್ಲಿ ಇರಲಿಲ್ಲ, ಕರೆಂಟಿನಲ್ಲಿ ಇತ್ತು. ಒಂದೇ ಫೇಸಿನ ಕರೆಂಟು ಏರುತ್ತದೆ, ಇಳಿಯುತ್ತದೆ, ಇಳಿದಾಗ ಮಿಂಚಿನ ಉಸಿರೂ ಇಳಿಯುತ್ತದೆ. ಮೂರು ಫೇಸಿದ್ದರೆ ಒಂದು ಇಳಿಯುವ ಹೊತ್ತಿಗೆ ಇನ್ನೊಂದು ಏರಿರುತ್ತದೆ. ಒಂದೇ ಒರಳಿಗೆ ಮೂವರು ಹೆಂಗಸರು ಸರದಿಯಲ್ಲಿ ಒನಕೆ ಹಾಕಿದ ಹಾಗೆ, ಒರಳಿಗೆ ಬಿಡುವೇ ಇರುವುದಿಲ್ಲ. ಹೀಗೆ ಹೇಳಿ ರಿಷಭ ಹಸನಬ್ಬರಿಗೆ ಅರ್ಥ ಮಾಡಿಸಿದ. ಹಸನಬ್ಬ ಹಾಗಾದರೆ ಇನ್ನೆರಡು ಒನಕೆ ತರುತ್ತೇನೆ ಎಂದು ಹೋಗಿ ಮತ್ತೆರಡು ಟ್ರಾನ್ಸ್‌ಫಾರ್ಮರ್ ತಂದರು. ಒಂದೊಂದು ಫೇಸಿಗೆ ಒಂದೊಂದು. ಮೂರರಿಂದ ಬಂದದ್ದನ್ನು ಒಟ್ಟುಗೂಡಿಸಿ ಕಾಯಿಲಿನ ಬುಡಕ್ಕೆ ಕೊಡುವುದು.

ಯಶೋಧಮ್ಮನಿಗೆ ಈ ಆಟದ ಮೇಲೆ ಸಿಟ್ಟಿರಲಿಲ್ಲ, ಒಂದೇ ಒಂದು ಕಟ್ಟಳೆ ಇತ್ತು. ದೀಪ ಹಚ್ಚುವ ಹೊತ್ತಾದ ಮೇಲೆ ಅದನ್ನು ಉರಿಸಬಾರದು, ಬೆಳಕಿಗೆ ಹುಳಹುಪ್ಪಟೆ ಬಂದು ಸಾಯುತ್ತವೆ. ಜೈನರ ಮನೆಗಳಲ್ಲಿ ಈ ಮಾತಿಗೆ ಎದುರು ಮಾತಿಲ್ಲ. ಅದರಲ್ಲೂ ಯಶೋಧಮ್ಮ ನೀರು ಸೋಸಿಯೇ ಕುಡಿಯುವವರು, ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುವವರು, ಇರುವೆ ಸಾಲು ಕಂಡರೆ ಸುತ್ತು ಬಳಸಿ ಹೋಗುವವರು. ಹಾಗಾಗಿ ಇವರ ಮಿಂಚಿನ ಪ್ರಯೋಗವೆಲ್ಲ ಹಗಲು ಇರುವಾಗಲೇ, ಶೆಡ್ಡಿನ ಬಾಗಿಲು ಮುಚ್ಚಿ, ಸಂದಿಗೆ ಗೋಣಿ ತುರುಕಿ ಕತ್ತಲು ಮಾಡಿಕೊಂಡು ನಡೆಯುತ್ತಿತ್ತು. ಅಡುಗೆಕೋಣೆಯ ಕಡೆಗಿದ್ದ ಒಂದು ಸಣ್ಣ ಕಿಟಕಿಯನ್ನು ಮಾತ್ರ ಗಾಳಿಗೆಂದು ಬಿಟ್ಟಿದ್ದರು.

ಪ್ರದರ್ಶನ ಹತ್ತಿರ ಬಂದಾಗ ಶೆಡ್ಡಿಗೆ ಹೋಗುವ ಮೂರು ಲೈನುಗಳಲ್ಲಿ ಒಂದು ಗೋಡೆಯೊಳಗೆ ಎಲ್ಲೋ ಸುಟ್ಟುಹೋಯಿತು. ಗೋಡೆ ಒಡೆದು ತಂತಿ ಬದಲಿಸುವಷ್ಟು ತಾಳ್ಮೆ ರಿಷಭನಿಗೆ ಇರಲಿಲ್ಲ. ಅದನ್ನು ಮತ್ತೆ ಯಾವಾಗಲಾದರೂ ಮಾಡುವ ಎಂದುಕೊಂಡ. ಮನೆಯ ಲೈಟುಗಳು ಹೇಗೂ ಮೂರನೆಯ ಫೇಸಿನ ಮೇಲಿದ್ದವು. ಹಿಂದಿನ ಕೋಣೆಯ ಪ್ಲಗ್ಗಿಗೆ ಒಂದು ಉದ್ದ ವಯರು ಸಿಕ್ಕಿಸಿ, ಕಿಟಕಿಯಿಂದ ಹೊರಗೆ ಎಳೆದು, ಶೆಡ್ಡಿನ ಮೂರನೆಯ ಟ್ರಾನ್ಸ್‌ಫಾರ್ಮರಿಗೆ ಕೊಟ್ಟ. ಎರಡು ಫೇಸು ಶೆಡ್ಡಿನದ್ದು, ಮೂರನೆಯದು ಮನೆಯಿಂದ ಸಾಲ. ತಾಯಿಗೆ ಹೇಳಲಿಲ್ಲ. ಹೇಳುವಂಥದ್ದೇನು ಅದರಲ್ಲಿ ಎಂದು ಅವನಿಗೆ ಆಗ ಅನಿಸಿತ್ತು.

ಮೇ ತಿಂಗಳ ಕೊನೆಯ ಆ ಸಂಜೆ ಆಕಾಶ ಕಪ್ಪಿಟ್ಟಿತ್ತು. ಮೂರೂ ಫೇಸನ್ನು ಒಟ್ಟಿಗೆ ಕೊಟ್ಟ ಕೂಡಲೇ ಶೆಡ್ಡಿನ ಸದ್ದೇ ಬೇರೆಯಾಯಿತು. ಹಿಂದೆ ಪಟಪಟ ಎನ್ನುತ್ತಿದ್ದದ್ದು ಈಗ ಒಂದೇ ಉಸಿರಿನ ಗರ್ಜನೆ. ಬಾಣಲೆಯಿಂದ ಹೊರಟ ಮಿಂಚು ಮಾಡಿನ ಜಂತಿಯ ತನಕ ಹೋಯಿತು, ಅಲ್ಲಿಂದ ಇಳಿದು ಗೋಡೆಯ ಕಡೆಗೆ ಕವಲು ಚಾಚಿತು. ಹಸನಬ್ಬರ ಬಿಳಿ ಗಡ್ಡ ನೇರಳೆಯಾಗಿ ಕಂಡಿತು. ಅವರು ಮೆಲ್ಲಗೆ ಅಲ್ಲಾಹನ ಹೆಸರು ಹೇಳಿ ರಿಷಭನ ಭುಜ ಹಿಡಿದುಕೊಂಡರು. ಇಬ್ಬರೂ ನಗುತ್ತಿದ್ದರು. ಅಷ್ಟು ಸಂತೋಷದಿಂದ ನಕ್ಕದ್ದು ಅವರಿಬ್ಬರ ಬದುಕಿನಲ್ಲಿ ಅದೇ ಕೊನೆ.

ಹೊರಗೆ ಗಾಳಿ ಬೀಸಿತು, ಗರ್ಜನೆ ತೆಳುವಾಯಿತು. ಮೂರನೆಯ ಫೇಸು ಹೋಗಿತ್ತು. ಮನೆಯೂ ಕತ್ತಲು. ರಿಷಭ ಶೆಡ್ಡಿನ ಮೈನ್ ಆಫ್ ಮಾಡಿದ, ಎರಡೂ ಫ್ಯೂಸು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡ. ಕಾಯಿಲಿಗೆ ಕೈ ಹಾಕುವ ಮುಂಚೆ ಅವನು ಹೀಗೆ ಮಾಡದ ದಿನವಿಲ್ಲ. ಮೂರನೆಯ ಟ್ರಾನ್ಸ್‌ಫಾರ್ಮರಿನ ಒಂದು ಜೋಡಣೆ ಸಡಿಲವಾಗಿ ಕಿಡಿ ಹಾರುತ್ತಿದ್ದದ್ದನ್ನು ಹಸನಬ್ಬ ನೋಡಿದ್ದರು, ಕರೆಂಟು ಇಲ್ಲದಿರುವಾಗಲೇ ಬಿಗಿ ಮಾಡುವ ಎಂದರು.

"ಮಾಡಿ ಹಸನಾಕ," ಎಂದ ರಿಷಭ. "ಎರಡು ಫ್ಯೂಸು ನನ್ನ ಕಿಸೆಯಲ್ಲಿ ಉಂಟು. ಮೂರನೆಯದು ಹೇಗೂ ಸತ್ತಿದೆ. ನಾನು ಕಂಬ ನೋಡಿ ಬರ್ತೇನೆ."

ಹಿಂದಿನ ಕೋಣೆಯ ಪ್ಲಗ್ಗು ಎಳೆದು ಹೋಗಿದ್ದರೆ ಈ ಕಥೆ ಇಲ್ಲ. ಎಳೆಯಲಿಲ್ಲ. ಸತ್ತ ತಂತಿಗೆ ಯಾರು ಹೆದರುತ್ತಾರೆ?

ಅಡುಗೆಕೋಣೆಯಲ್ಲಿ ಯಶೋಧಮ್ಮ ಗೆರಸೆಯಲ್ಲಿ ಅಕ್ಕಿ ಹರಡಿಕೊಂಡು ಕುಳಿತಿದ್ದರು. ಸೂರ್ಯ ಮುಳುಗುವುದರೊಳಗೆ ಊಟ ಆಗಬೇಕು. ಬೇಸಗೆಯ ಅಕ್ಕಿ, ಅಲ್ಲಲ್ಲಿ ಹುಳ ಹತ್ತಿತ್ತು. ಒಂದೊಂದೇ ಹುಳವನ್ನು ಬೆರಳ ತುದಿಯಿಂದ ತೆಗೆದು ಎಲೆಯ ಮೇಲೆ ಬಿಡುತ್ತಿದ್ದಾಗ ಲೈಟು ಹೋಯಿತು. ಕತ್ತಲಲ್ಲಿ ಹಾಗೆಯೇ ಅಕ್ಕಿ ತೊಳೆದು ಒಲೆಗೇರಿಸಿದರೆ ಒಂದು ಜೀವವಾದರೂ ಬೇಯುವುದು ಖಂಡಿತ. ಅವರು ಎದ್ದು ಹೋದರು, ಮೀಟರಿನ ಪಕ್ಕದ ಸ್ವಿಚ್ಚನ್ನು ಟಕ್ಕೆಂದು ತಿರುಗಿಸಿದರು.

ರಿಷಭ ರಸ್ತೆಯಿಂದ ತಿರುಗಿ ನೋಡಿದಾಗ ಅಡುಗೆಕೋಣೆಯ ಕಿಟಕಿ ಹಳದಿಯಾಗಿತ್ತು. ಶೆಡ್ಡಿನಿಂದ ಬಂದ ಸದ್ದು ಅವನಿಗೆ ಆಮೇಲೆ ಕೇಳಿಸಿತು, ಆದರೆ ಆ ಕಿಟಕಿ ಕಂಡಾಗಲೇ ಅವನು ಓಡತೊಡಗಿದ್ದ. ಓಡಿಬಂದು ಮೊದಲು ಹಿಂದಿನ ಕೋಣೆಯ ಪ್ಲಗ್ಗು ಕಿತ್ತ. ಆಮೇಲೆ ಶೆಡ್ಡಿಗೆ ಓಡಿದ. ಹಸನಬ್ಬ ನೆಲದ ಮೇಲಿದ್ದರು, ಉಸಿರಿತ್ತು. ಆ ಕೈಯ ಬಗ್ಗೆ ಹೇಳುವುದು ಬೇಡ. ಯಶೋಧಮ್ಮ ಗೆರಸೆ ಹಿಡಿದುಕೊಂಡೇ ಓಡಿಬಂದಿದ್ದರು, ಕರೆಂಟು ಎಲ್ಲಿಂದ ಬಂತು ಎಂದು ಒಂದೇ ಮಾತು ಕೇಳಿದರು.

"ನಾನು ಫ್ಯೂಸು ತೆಗೆಯಲಿಕ್ಕೆ ಮರೆತೆ ಅಮ್ಮ," ಎಂದ ರಿಷಭ. ಎರಡು ಫ್ಯೂಸೂ ಕಿಸೆಯೊಳಗಿಂದ ಅವನ ಎದೆಗೆ ಒತ್ತುತ್ತಿದ್ದವು.

ಕಾರು ಬರುವಷ್ಟರಲ್ಲಿ ಅವನು ಆ ಉದ್ದ ವಯರನ್ನು ಸುತ್ತಿ ಗುಜರಿ ರಾಶಿಯ ಕೆಳಗೆ ತುರುಕಿದ್ದ.

ಮಂಗಳೂರಿನ ಆಸ್ಪತ್ರೆಯಲ್ಲಿ ಹಸನಬ್ಬರ ಬಲಗೈಯನ್ನು ಮಣಿಕಟ್ಟಿನಿಂದ ಮೇಲೆ ತೆಗೆದರು. ಪ್ರಾಣ ಉಳಿದದ್ದೇ ದೊಡ್ಡದು ಎಂದರು ಡಾಕ್ಟರು. ಪೊಲೀಸಿನವರು ಬಂದಾಗ ಹಸನಬ್ಬ ಯಾರ ಮೇಲೂ ದೂರಿಲ್ಲ ಎಂದು ಹೇಳಿ ಕಳಿಸಿದರು. ರಿಷಭ ಅವರ ಮಂಚದ ಪಕ್ಕದಲ್ಲಿ ತಲೆ ಎತ್ತದೆ ಕುಳಿತಿದ್ದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ, ಬಾಯಿ ತೆರೆಯುವಷ್ಟರಲ್ಲಿ ಹಸನಬ್ಬರೇ ಮಾತಾಡಿದರು. ಅವರ ಹೆಂಡತಿ ಬೀಯಮ್ಮ ಔಷಧಿ ತರಲು ಹೊರಗೆ ಹೋದ ಹೊತ್ತು.

"ಅಡುಗೆಕೋಣೆಯ ಲೈಟು ಹತ್ತಿದ್ದು ನನಗೆ ಕಂಡಿತು ಮಗಾ," ಎಂದರು. "ಯಶೋಧಕ್ಕನಿಗೆ ಇದು ಗೊತ್ತಾಗುವುದು ಬೇಡ. ಗೊತ್ತಾದರೆ ಅವರು ಬದುಕುವುದಿಲ್ಲ."

ರಿಷಭ ಅವರ ಕಾಲಿನ ಮೇಲೆ ತಲೆಯಿಟ್ಟು ಅತ್ತ. ಅಲ್ಲಿಗೆ ಇಬ್ಬರೂ ಒಂದು ಗುಟ್ಟಿನ ಎರಡು ತುದಿ ಹಿಡಿದವರಾದರು. ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತು ಹಾಗೆಯೇ ಉಳಿಯಿತು. ಅಮ್ಮನನ್ನು ಉಳಿಸುವ ಕೆಲಸ ಅಷ್ಟು ದೊಡ್ಡದಾಗಿ ಎದುರು ನಿಂತಿರುವಾಗ ಬೇರೆ ಯಾವುದೂ ಅವನ ನೆನಪಿಗೆ ಬರಲಿಲ್ಲ.

ಇತ್ತ ಯಶೋಧಮ್ಮ ಮಗನ ಮುಖ ನೋಡುವುದು ಬಿಟ್ಟರು. ಬಡಿಸುತ್ತಿದ್ದರು, ಮಾತಿಲ್ಲ. ನಿನ್ನ ಮರೆವಿನಿಂದ ದುಡಿಯುವವನ ಕೈ ಹೋಯಿತು, ಹಸನಬ್ಬ ನಿನ್ನನ್ನು ಕ್ಷಮಿಸುವವರೆಗೆ ನನಗೆ ಉಪ್ಪು ಬೇಡ, ತುಪ್ಪ ಬೇಡ ಎಂದು ಬಸದಿಯಲ್ಲಿ ನಿಂತು ನೇಮ ಹಿಡಿದರು. ಅವರು ಕ್ಷಮಿಸಿದ್ದಾರೆ ಎಂದು ರಿಷಭ ಎಷ್ಟು ಹೇಳಿದರೂ ಕೇಳಲಿಲ್ಲ. ನಿನ್ನ ಬಾಯಿಂದ ಕೇಳಿದರೆ ಆಗುವುದಿಲ್ಲ, ಅವರು ನನ್ನೆದುರು ಹೇಳಬೇಕು. ಕರೆದುಕೊಂಡು ಹೋಗು ಎಂದರೆ ಅವನು ನೆಪ ಹುಡುಕುತ್ತಿದ್ದ. ಗಾಯ ಮಾಗಲಿಲ್ಲ, ಜನ ಕೂಡಬಾರದಂತೆ, ಈಗ ಮಳೆ. ಎರಡು ಬಾಗಿಲುಗಳ ಹಿಂದೆಯೂ ನಾಯಿ ಕಟ್ಟಿದ ಹಾಗಾಗಿತ್ತು ಅವನ ಪಾಡು. ಕರೆದುಕೊಂಡು ಹೋದರೆ ಒಂದು ಮಾತು ಜಾರಬಹುದು, ಹೋಗದಿದ್ದರೆ ಇವರು ಹೀಗೇ ಸವೆದುಹೋಗುತ್ತಾರೆ. ಯಶೋಧಮ್ಮನ ಬಳೆಗಳು ಮೊಣಕೈವರೆಗೆ ಜಾರತೊಡಗಿದ್ದವು. ಬಸದಿಯ ಮೆಟ್ಟಿಲಲ್ಲಿ ಒಮ್ಮೆ ತಲೆ ತಿರುಗಿ ಕುಸಿದು ಕೂತರು. ಡಾಕ್ಟರು ಉಪ್ಪು ಬಿಡಬಾರದೆಂದು ಗದರಿದ್ದಕ್ಕೆ ಕೈ ಮುಗಿದು ಎದ್ದುಬಂದರು.

ಆ ಮಳೆಗಾಲದಲ್ಲಿ ಫೇಸು ಹೋಗದ ವಾರವಿರಲಿಲ್ಲ. ಮನೆ ಕತ್ತಲಾದಾಗಲೆಲ್ಲ ಯಶೋಧಮ್ಮ ಎಂದಿನಂತೆ ಎದ್ದು ಹೋಗಿ ಸ್ವಿಚ್ಚು ತಿರುಗಿಸುತ್ತಿದ್ದರು. ಆ ಟಕ್ಕೆಂಬ ಸದ್ದಿಗೆ ಶೆಡ್ಡಿನಲ್ಲಿದ್ದ ರಿಷಭನ ಕೈಯಿಂದ ಸಾಮಾನು ಬೀಳುತ್ತಿತ್ತು. ಅದನ್ನು ಗೋಡೆಯಿಂದ ಕಿತ್ತೆಸೆಯಬೇಕು ಎಂದು ಎಷ್ಟೋ ಸಲ ಸ್ಕ್ರೂಡ್ರೈವರ್ ಹಿಡಿದು ಅದರ ಮುಂದೆ ನಿಂತ. ಯಾಕೆ ತೆಗೆಯುತ್ತೀ ಎಂದು ಅವರು ಕೇಳಿದರೆ ಏನು ಹೇಳುವುದು? ಕೆಲವೊಮ್ಮೆ ಎಲ್ಲವನ್ನೂ ಹೇಳಿ ಹಗುರಾಗುವ ಎಂದೂ ಅನಿಸುತ್ತಿತ್ತು. ಆಗೆಲ್ಲ ಅಕ್ಕಿಯ ಹುಳವನ್ನು ಎಲೆಯ ಮೇಲೆ ಬಿಡುವ ಅವರ ಬೆರಳು ಕಣ್ಣಿಗೆ ಕಾಣುತ್ತಿತ್ತು, ಹೇಳದೆ ಶೆಡ್ಡಿಗೆ ಮರಳುತ್ತಿದ್ದ. ಲೋಕಯ್ಯ ಒಮ್ಮೆ ಬಂದು ಮಿಂಚಿನ ಮಾತೆತ್ತದೆ ಹೋದರು. ಕಾಯಿಲಿನ ಮೇಲೆ ರಿಷಭ ಟಾರ್ಪಾಲು ಹೊದೆಸಿದ್ದ.

ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ಅಂದು ಜೈನರು ಎದುರಿಗೆ ಸಿಕ್ಕಿದವರಿಗೆಲ್ಲ ಕೈಮುಗಿದು, ತಿಳಿದೋ ತಿಳಿಯದೆಯೋ ನನ್ನಿಂದಾದ ತಪ್ಪನ್ನು ಕ್ಷಮಿಸಿ ಎಂದು ಕೇಳುತ್ತಾರೆ. ಜಗಳವಾಡಿದವರಿಗೆ ಮಾತ್ರವೆಂದಿಲ್ಲ. ಅಣ್ಣ ತಂಗಿಗೆ, ಅತ್ತೆ ಸೊಸೆಗೆ, ಮನೆಯವರು ಹಾಲು ತರುವವನಿಗೆ. ನಮಸ್ಕಾರ ಹೇಳಿದಷ್ಟೇ ಸಹಜವಾಗಿ ಕೇಳುತ್ತಾರೆ, ಅಷ್ಟೇ ಸಹಜವಾಗಿ ಎದುರಿನವರೂ ಕೇಳುತ್ತಾರೆ. ಯಶೋಧಮ್ಮ ಬಸದಿಯಿಂದ ಬಂದವರು ನೆರೆಮನೆಯವರಿಗೆಲ್ಲ ಹೇಳಿ ಮುಗಿಸಿ, ಸೆರಗು ಸರಿಮಾಡಿಕೊಂಡು ಮಗನೆದುರು ನಿಂತರು.

"ಇವತ್ತು ಬಂಟ್ವಾಳಕ್ಕೆ ಹೋಗುವ," ಎಂದರು. "ನೀನು ಬಾರದಿದ್ದರೆ ನಾನೊಬ್ಬಳೇ ಬಸ್ಸು ಹತ್ತುತ್ತೇನೆ."

ಇನ್ನು ನೆಪ ಉಳಿದಿರಲಿಲ್ಲ. ರಿಷಭ ಶೆಡ್ಡಿನ ಹಿಂದೆ ಹೋಗಿ ಹಸನಬ್ಬರಿಗೆ ಫೋನು ಮಾಡಿದ. ಅಮ್ಮ ಚಪ್ಪಲಿ ಹಾಕಿಕೊಳ್ಳುತ್ತಿರುವುದು ಕೇಳುತ್ತಿತ್ತು, ಹೆಚ್ಚು ಮಾತಾಡಲು ಧೈರ್ಯವಿರಲಿಲ್ಲ. "ಅಮ್ಮ ನಿಮ್ಮ ಹತ್ತಿರ ಕ್ಷಮೆ ಕೇಳ್ಲಿಕ್ಕೆ ಬರ್ತಾ ಇದ್ದಾರೆ ಹಸನಾಕ," ಎಂದಷ್ಟೇ ಹೇಳಿದ.  ಬರಲಿ ಎಂದು ಹೇಳಿ ಹಸನಬ್ಬ ಫೋನಿಟ್ಟರು. ನನ್ನ ಪರವಾಗಿ ಕೇಳಲು ಬರುತ್ತಿದ್ದಾರೆ ಎಂಬ ಒಂದು ಮಾತನ್ನು ರಿಷಭ ಸೇರಿಸಲಿಲ್ಲ. ಮೂರರಲ್ಲಿ ಎರಡನ್ನು ಸರಿಯಾಗಿ ಮಾಡಿ ಮೂರನೆಯದನ್ನು ಬಿಟ್ಟುಬಿಡುವುದು ಅವನ ಹಣೆಯಲ್ಲೇ ಬರೆದಿತ್ತೋ ಏನೋ.

ಸಿದ್ಧಕಟ್ಟೆಯ ದಾರಿಯ ಬಸ್ಸಿನಲ್ಲಿ ಯಶೋಧಮ್ಮ ಕಿಟಕಿಯ ಬದಿ ಕುಳಿತರು. ಮಡಿಲಲ್ಲಿ ಬಾಳೆಹಣ್ಣಿನ ಚೀಲ. ಎಷ್ಟೋ ದಿನಗಳ ಮೇಲೆ ಮಗನ ಕಡೆ ತಿರುಗಿ, ನೀನು ತುಂಬಾ ಸೊರಗಿದ್ದೀ ಎಂದರು. ರಿಷಭ ಆ ಚೀಲವನ್ನು ತನ್ನ ಮಡಿಲಿಗೆ ತೆಗೆದುಕೊಂಡ. ಇನ್ನು ಸ್ವಲ್ಪ ಹೊತ್ತು, ಹಸನಾಕ ಒಂದು ಮಾತು ಹೇಳಿಬಿಟ್ಟರೆ ಇವರು ಉಪ್ಪು ತಿನ್ನುತ್ತಾರೆ, ಮತ್ತೆ ಯಾವತ್ತೂ ಈ ವಿಷಯ ಬರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. 

ಗೂಡಿನಬಳಿಯ ಮನೆಯಲ್ಲಿ ಬೀಯಮ್ಮ ಬಾಗಿಲಿಗೆ ಬಂದು ಕರೆದುಕೊಂಡು ಹೋದರು. ಹಸನಬ್ಬ ಒಳಗೆ ಕುರ್ಚಿಯಲ್ಲಿ ಕುಳಿತಿದ್ದರು. ಬಲಗೈಯ ಮೇಲೆ ಟವೆಲು ಹೊದ್ದಿದ್ದರು. ಇವರನ್ನು ಕಂಡು ಏಳಲು ಹೋಗಿ, ಆನಿಸಿಕೊಳ್ಳಲು ಬಲಗೈ ಇಲ್ಲದೆ ತಡವರಿಸಿ ಮತ್ತೆ ಕುಳಿತರು. ಯಶೋಧಮ್ಮ ಅವರೆದುರು ನಿಂತರು. ಮಗನ ವಿಷಯ ಎತ್ತುವ ಮುಂಚೆ, ಆ ದಿನ ಎಲ್ಲರಿಗೂ ಹೇಳಿದ್ದನ್ನು ಅವರಿಗೂ ಹೇಳಬೇಕಲ್ಲ. ಕೈ ಮುಗಿದರು.

"ತಿಳಿದೋ ತಿಳಿಯದೆಯೋ ನನ್ನಿಂದ ಆದ ತಪ್ಪನ್ನು ಕ್ಷಮಿಸಬೇಕು, ಹಸನಬ್ಬ."

ಹಸನಬ್ಬರ ಕಣ್ಣು ತುಂಬಿತು. ರಿಷಭ ಅದನ್ನು ನೋಡಿದ, ಏನೋ ತಪ್ಪುತ್ತಿದೆ ಎಂದು ತಿಳಿಯಿತು, ಬಾಯಿ ತೆರೆದ. ಅಷ್ಟರಲ್ಲಿ ಅವರು ಹೇಳಿಯಾಗಿತ್ತು.

"ನೀವು ಕೈ ಮುಗಿಯಬೇಡಿ ಅಕ್ಕ. ಅದು ನಿಮ್ಮ ತಪ್ಪಲ್ಲ. ಫೇಸು ಹೋದರೆ ಯಾರಾದರೂ ಸ್ವಿಚ್ಚು ತಿರುಗಿಸ್ತಾರೆ. ಶೆಡ್ಡಿನ ವಯರು ನಿಮ್ಮ ಮನೆಯ ಪ್ಲಗ್ಗಿನಲ್ಲಿ ಉಂಟು ಅಂತ ನಿಮಗೆ ಹೇಗೆ ಗೊತ್ತಾಗಬೇಕು?"

ಫ್ಯಾನು ತಿರುಗುತ್ತಿತ್ತು. ಯಶೋಧಮ್ಮ ಮುಗಿದ ಕೈ ಇಳಿಸಲಿಲ್ಲ. ನಿಧಾನವಾಗಿ ಮಗನ ಕಡೆ ತಿರುಗಿದರು. ಕೇಳಲಿಲ್ಲ, ಮುಖ ನೋಡಿದರು. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಮುಗಿದುಹೋಗಿತ್ತು. ಅವರಿಗೆ ಬೇಕಾದದ್ದು ಆ ಮುಖದಲ್ಲಿ ಸಿಕ್ಕಿತು.

ಯಶೋಧಮ್ಮನಿಗೆ ಏನೂ ಗೊತ್ತಿರಲಿಲ್ಲ ಎಂದು ಹಸನಬ್ಬರಿಗೆ ಆಗ ಅರ್ಥವಾಯಿತು. ಎಡಗೈಯಿಂದ ಹಣೆ ಹಣೆ ಬಡಿದುಕೊಂಡರು. ಔಷಧಿಯ ಅಮಲಿನಲ್ಲಿ ನಾನು ಏನೇನೋ ಹೇಳುತ್ತೇನೆ, ಅದಕ್ಕೆ ಬೆಲೆ ಕೊಡಬೇಡಿ ಎಂದರು. ರಿಷಭ, ಪ್ಲಗ್ಗು ಎಳೆಯದೆ ಹೋದವನು ನಾನು, ಅಮ್ಮನಿಗೆ ಇದರಲ್ಲಿ ಏನೂ ಇಲ್ಲ ಎಂದು ಒದರಿದ. ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು. ಯಶೋಧಮ್ಮ ನೆಲದ ಮೇಲೆ ಕುಳಿತುಬಿಟ್ಟರು.

"ಅಕ್ಕಿಯಲ್ಲಿ ಹುಳ ಇತ್ತು," ಎಂದರು. "ಕಾಣ್ತಾ ಇರಲಿಲ್ಲ."

 ಸ್ವಲ್ಪ ಹೊತ್ತಿನ ಮೇಲೆ ಅವರು, ಹಸನಬ್ಬರ ಕೈ ತೋರಿಸಲು ಬೀಯಮ್ಮನಿಗೆ ಹೇಳಿದರು. ಬೀಯಮ್ಮ ಗಂಡನ ಮುಖ ನೋಡಿ, ಟವೆಲು ತೆಗೆದರು. ಯಶೋಧಮ್ಮ ಕಣ್ಣು ತಪ್ಪಿಸದೆ ನೋಡಿದರು. ಮಣಿಕಟ್ಟಿನ ಮೇಲೆ ಚರ್ಮವನ್ನು ಮಡಚಿ ಹೊಲಿದದ್ದು ಇನ್ನೂ ಕೆಂಪಾಗಿತ್ತು. ಅವರ ತುಟಿಯಲ್ಲಿ ಯಾವುದೋ ಮಂತ್ರ ಅಲ್ಲಾಡುತ್ತಿತ್ತೋ, ತುಟಿ ಸುಮ್ಮನೆ ನಡುಗುತ್ತಿತ್ತೋ ಗೊತ್ತಾಗಲಿಲ್ಲ. ಆಮೇಲೆ ಕುಳಿತಲ್ಲಿಂದಲೇ ಮತ್ತೆ ಕೈ ಮುಗಿದರು.

"ಆಗ ಕೇಳಿದ್ದು ಎಲ್ಲರಲ್ಲಿ ಕೇಳುವ ಹಾಗೆ. ಈಗ ತಿಳಿದು ಕೇಳ್ತೇನೆ. ನನ್ನನ್ನು ಕ್ಷಮಿಸಬೇಕು."

ಹಸನಬ್ಬ ತಲೆ ಅಲ್ಲಾಡಿಸಿದರು. ಇಲ್ಲದ ತಪ್ಪನ್ನು ನಾನು ಹೇಗೆ ಕ್ಷಮಿಸುವುದು ಎಂದು ಕೇಳಿದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕ್ಷಮಿಸಿದ್ದೇನೆ ಎಂದರೆ ತಪ್ಪು ಯಶೋಧಮ್ಮನದೇ ಎಂದು ಅವರ ಹಣೆಗೆ ಬರೆದ ಹಾಗೆ. ಕ್ಷಮಿಸುವುದಿಲ್ಲ ಎಂದರೆ ಅದಕ್ಕಿಂತ ಕ್ರೂರ ಮಾತಿಲ್ಲ. ಯಶೋಧಮ್ಮ ವಾದ ಮಾಡಲಿಲ್ಲ, ಕೈ ಇಳಿಸಲೂ ಇಲ್ಲ. ಬೀಯಮ್ಮ ಎಳನೀರು ತಂದಿಟ್ಟರು, ಬೇಡಿಕೊಂಡರು, ಪಕ್ಕದಲ್ಲಿ ಕುಳಿತು ಅತ್ತರು. ಅಂಗಳದ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದು ಮತ್ತೆ ಹೊರಗೆ ಹೋಯಿತು.  ಬೆಳಗಿನಿಂದ ಯಶೋಧಮ್ಮನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಸೂರ್ಯ ಮುಳುಗಿದರೆ ಇನ್ನು ನಾಳೆಯವರೆಗೆ ನೀರೂ ಇಲ್ಲ. ಅವರು ಅಲ್ಲೇ ಸತ್ತುಹೋಗುತ್ತಾರೆ ಎಂದು ರಿಷಭನಿಗೆ ನಿಜವಾಗಿಯೂ ಅನಿಸಿತು.

ಯಾವ ಮಾತು ಯಾರ ಬಾಯಿಂದಲೂ ಬರಬಾರದು ಎಂದು ಅವನು ಇಡೀ ಮಳೆಗಾಲ ಕಾವಲು ಕಾದಿದ್ದನೋ, ಈಗ ಅದೇ ಮಾತಿಗಾಗಿ ಹಸನಬ್ಬರ ಕುರ್ಚಿಯ ಬಳಿ ಮೊಣಕಾಲೂರಿದ.

"ಹೇಳಿ ಹಸನಾಕ. ಅವರ ತಪ್ಪೇ ಅಂತ ಒಪ್ಪಿ, ಕ್ಷಮಿಸಿದೆ ಅಂತ ಹೇಳಿ. ನಿಮ್ಮ ಕಾಲು ಹಿಡೀತೇನೆ."

ಹಸನಬ್ಬ ಅವನನ್ನೂ ನೋಡಿದರು, ಅವರನ್ನೂ ನೋಡಿದರು. ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿ, ಕ್ಷಮಿಸಿದ್ದೇನೆ ಅಕ್ಕ ಎಂದರು. ಧ್ವನಿ ಅರ್ಧಕ್ಕೆ ಒಡೆದಿತ್ತು.

ಯಶೋಧಮ್ಮನ ಕೈಗಳು ಮಡಿಲಿಗೆ ಬಿದ್ದವು. ಅವರು ಆಗ ಅತ್ತರು, ಸದ್ದಿಲ್ಲದೆ, ಸೆರಗು ಬಾಯಿಗೆ ಒತ್ತಿಕೊಂಡು. ಇದನ್ನು ಅವರು ಹೊತ್ತುಕೊಂಡೇ ಇರುತ್ತಾರೆ, ಉಸಿರಿರುವವರೆಗೆ ಇಳಿಸುವುದಿಲ್ಲ ಎಂದು ರಿಷಭನಿಗೆ ಗೊತ್ತಿತ್ತು. ಎಬ್ಬಿಸಲೆಂದು ಅವರ ತೋಳು ಹಿಡಿದ. ಅವರು ಆ ಕೈಯನ್ನು ಮೆಲ್ಲಗೆ ಸರಿಸಿ, ಕಣ್ಣು ಒರೆಸಿಕೊಂಡು ಹೇಳಿದರು.

"ನನ್ನದಾಯಿತು. ಇನ್ನು ನೀನು ಕೇಳು ಮಗಾ."

ರಿಷಭ ದಿಗಿಲುಬಿದ್ದು ನಿಂತ. ಆಸ್ಪತ್ರೆಯ ಮಂಚದ ಬಳಿ ನುಂಗಿಕೊಂಡ ಮಾತನ್ನು ಆಮೇಲೆ ಒಂದು ದಿನವೂ ಆಡಿರಲಿಲ್ಲ ಎಂಬುದು ಅವನಿಗೆ ಈಗಷ್ಟೇ ಹೊಳೆಯಿತು. ಅಮ್ಮನ ಮುಂದೆ ಮಾಡದ ತಪ್ಪನ್ನು ಒಪ್ಪಿಕೊಂಡಿದ್ದ, ಮಾಡಿದ ತಪ್ಪಿಗೆ ಈ ಮನುಷ್ಯನ ಹತ್ತಿರ ಕ್ಷಮೆ ಕೇಳಿರಲೇ ಇಲ್ಲ. ಅವನು ಕೈ ಜೋಡಿಸಿದ.

"ಪ್ಲಗ್ಗು ಎಳೆಯದೆ ನಿಮ್ಮನ್ನು ಅಲ್ಲಿ ಬಿಟ್ಟು ಹೋದೆ ಹಸನಾಕ. ಮೂರನೆಯದು ಸತ್ತಿದೆ ಅಂತ ಹೇಳಿ ನಿಮ್ಮ ಕೈ ಹಾಕಿಸಿದವ ನಾನು. ನನ್ನನ್ನು ಕ್ಷಮಿಸಿ."

ಹಸನಬ್ಬ ಗೋಡೆಯಿಂದ ಮುಖ ತಿರುಗಿಸಿ ಅವನನ್ನೇ ನೋಡಿದರು.  ಈ ಸಲ ಅವರು, ಅದು ನಿನ್ನ ತಪ್ಪಲ್ಲ ಎಂದು ಹೇಳಲಿಲ್ಲ.